ಆಟದ ರೇಷ್ಮೆ ಬಟ್ಟೆಗೆ ತಲೆಗೂದಲಿನ ಆರೈಕೆ

"ಅಮ್ಮಾ, ನದಿಗೆ ಹಾಲು ಬಿತ್ತು!"

ಸಣ್ಣವನು ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದ. ನದಿ ಅಂದರೆ ನಮ್ಮ ಮನೆಯ ನೀಲಿ ರೇಷ್ಮೆ. ಹಸಿರು ಬಟ್ಟೆ ಕಾಡು. ಕೆಂಪು ಒಂದು ದಿನ ಬೆಂಕಿಯಾದರೆ ಇನ್ನೊಂದು ದಿನ ರಾಜನ ಬೆನ್ನ ಮೇಲಿನ ಹೊದಿಕೆ. ಹಳದಿಯನ್ನು ಮಗಳು ಎರಡು ಕುರ್ಚಿಗಳ ನಡುವೆ ಹರವಿ ಅದರ ಕೆಳಗೆ ಮನೆ ಮಾಡುತ್ತಾಳೆ. ಒಟ್ಟು ಒಂಬತ್ತು ತುಂಡುಗಳಿವೆ, ಎಲ್ಲವೂ ಚೌಕ. ಆರು ವರ್ಷದಿಂದ ದಿನವೂ ನೆಲದ ಮೇಲೆ ಎಳೆದಾಡಿಸಿಕೊಂಡು, ಗಂಟು ಹಾಕಿಸಿಕೊಂಡು, ಗೊಂಬೆಗಳಿಗೆ ಹಾಸಿಗೆಯಾಗಿ ಬಾಳಿವೆ.

ಹಾಲು ಬಿದ್ದ ನದಿಯನ್ನು ತಣ್ಣೀರಿನ ಬೋಗುಣಿಗೆ ಪೂರ್ತಿ ಇಳಿಬಿಟ್ಟೆ, ನಾಲ್ಕು ಹನಿ ಬೇಬಿ ಶಾಂಪೂ ಹಾಕಿ ಆಡಿಸಿದೆ, ಎರಡು ನೀರಿನಲ್ಲಿ ಜಾಲಿಸಿದೆ, ಟವೆಲಿನಲ್ಲಿ ಸುತ್ತಿ ಒತ್ತಿ ಫ್ಯಾನಿನ ಕೆಳಗೆ ಹಾಕಿದೆ. ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ನದಿ ಮತ್ತೆ ಅವನ ಮರದ ದೋಣಿಯ ಕೆಳಗೆ ಹರಿಯುತ್ತಿತ್ತು.

ರೇಷ್ಮೆ ಅಂದ ತಕ್ಷಣ ಎತ್ತಿಡಬೇಕು, ಜೋಪಾನ ಮಾಡಬೇಕು ಅನ್ನುವುದು ನಮ್ಮೆಲ್ಲರ ಮೊದಲ ಯೋಚನೆ. ಮಕ್ಕಳ ಕೈಗೆ ಕೊಟ್ಟು ಹೆಜ್ಜೆ ಹೆಜ್ಜೆಗೂ "ಅಲ್ಲಿ ಹಾಸಬೇಡ, ಅದರಲ್ಲಿ ಒರೆಸಬೇಡ" ಅನ್ನುವುದಾದರೆ ಕೊಡದಿರುವುದೇ ವಾಸಿ. ಒಗೆಯುವ ಬಗೆ ಕೈಗೆ ಹತ್ತಿಬಿಟ್ಟರೆ "ಬೇಡ" ಅನ್ನುವ ಪ್ರಸಂಗ ಬಹಳ ಕಮ್ಮಿಯಾಗುತ್ತದೆ. ಅದಕ್ಕಾಗಿಯೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹಾಳು ಮಾಡಿದ ಮೂರು ಬಟ್ಟೆ

ಮೊದಲ ವರ್ಷ ನನಗೆ ಏನೂ ಗೊತ್ತಿರಲಿಲ್ಲ. ಹಳದಿ, ಕೆಂಪು, ಬಿಳಿ ಮೂರನ್ನೂ ಮಕ್ಕಳ ಉಳಿದ ಬಟ್ಟೆಗಳ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿ, ದಿನ ಬಳಸುವ ಸೋಪಿನ ಪುಡಿಯನ್ನೇ ಹಾಕಿ, ಬಿಸಿನೀರಿನಲ್ಲಿ ತಿರುಗಿಸಿದೆ. ಹೊರಗೆ ಬಂದಾಗ ಹಳದಿಯ ಹೊಳಪು ಹೋಗಿತ್ತು. ಕೆಂಪಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿದಂತೆ ಬೆಳ್ಳಗೆ ಗೀರುಗಳು ಎದ್ದಿದ್ದವು. ಬಿಳಿಯ ಒಂದು ಮೂಲೆಗೆ ಜೊತೆಗಿದ್ದ ನೀಲಿ ಚಡ್ಡಿಯ ಬಣ್ಣ ಹತ್ತಿಕೊಂಡಿತ್ತು. ಮಗಳಿಗೆ ಆಗ ಮೂರು ವರ್ಷ. ಬಿಳಿ ಬಟ್ಟೆಯನ್ನು ಎಂದಿನಂತೆ ಕೆನ್ನೆಗೆ ಒತ್ತಿಕೊಂಡಳು, ತೆಗೆದಳು, ಇನ್ನೊಮ್ಮೆ ಒತ್ತಿಕೊಂಡಳು. "ಇದು ನಮ್ಮದಲ್ಲ" ಅಂದಳು. ಆ ಮಾತು ನನಗೆ ಬಹಳ ದಿನ ಚುಚ್ಚಿತು.

ಆಮೇಲೆ ಹೊಸದೊಂದು ತುಂಡು ಬಂದಾಗ ಅದು ನಿಜವಾದ ರೇಷ್ಮೆಯೋ ಪಾಲಿಯೆಸ್ಟರೋ ಅನ್ನುವ ಅನುಮಾನ ಬಂತು. ಅಂಚಿನಿಂದ ಒಂದೇ ಒಂದು ಎಳೆ ಎಳೆದು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತೋರಿಸಿದೆ. ತಲೆಗೂದಲು ಸುಟ್ಟ ವಾಸನೆ ಗಪ್ಪನೆ ಬಂತು. ಉಳಿದ ಕರಿಯ ಬೂದಿ ಬೆರಳಿನಲ್ಲಿ ಒತ್ತಿದರೆ ಪುಡಿಪುಡಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗಿ ಉಳಿಯುತ್ತಿತ್ತು. ಈ ಪರೀಕ್ಷೆ ಮಾಡುವಾಗ ಮಕ್ಕಳು ಹತ್ತಿರ ಇರಬಾರದು, ಒಂದು ಎಳೆಗಿಂತ ಹೆಚ್ಚು ಸುಡಲೂಬಾರದು.

ಆ ವಾಸನೆಯೇ ನನಗೆ ದಾರಿ ತೋರಿಸಿತು. ಕೂದಲು ಪ್ರೋಟೀನ್, ರೇಷ್ಮೆಯೂ ಪ್ರೋಟೀನ್. ಕೂದಲಿನದು ಕೆರಟಿನ್, ರೇಷ್ಮೆಯದು ಫೈಬ್ರೊಯಿನ್. ಮಗುವಿನ ತಲೆಗೆ ನಾವು ಬಟ್ಟೆ ಸೋಪಿನ ಪುಡಿ ಹಾಕುವುದಿಲ್ಲ, ಬ್ಲೀಚ್ ಹಾಕುವುದಿಲ್ಲ, ಬ್ರಷ್ ಹಾಕಿ ಉಜ್ಜುವುದಿಲ್ಲ, ಕುದಿಯುವ ನೀರು ಹೊಯ್ಯುವುದಿಲ್ಲ. ರೇಷ್ಮೆಗೂ ಅವು ಬೇಡ. ಅನುಮಾನ ಬಂದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಮಕ್ಕಳ ತಲೆಗೆ ಹಾಕುತ್ತೇನಾ?

ಮೆಷಿನ್ನಿಗೆ ಹಾಕಿದ ಆ ದಿನ ಆದದ್ದೇನು ಅಂತ ಈಗ ಅರ್ಥವಾಗುತ್ತದೆ. ಬಟ್ಟೆ ಸೋಪಿನ ಪುಡಿ ಸಾಮಾನ್ಯವಾಗಿ ಕ್ಷಾರ. ಕ್ಷಾರ ರೇಷ್ಮೆಯ ಎಳೆಯನ್ನು ನಿಧಾನವಾಗಿ ತಿನ್ನುತ್ತದೆ, ನೀರು ಬಿಸಿಯಾದಷ್ಟೂ ಬೇಗ ತಿನ್ನುತ್ತದೆ. ಜೊತೆಗೆ ಎಷ್ಟೋ ಡಿಟರ್ಜೆಂಟುಗಳಲ್ಲಿ ಪ್ರೋಟಿಯೇಸ್ ಅನ್ನುವ ಎನ್‌ಜೈಮ್ ಇರುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗಳಲ್ಲಿರುವ ಪ್ರೋಟೀನನ್ನು ಒಡೆಯುವುದೇ ಅದರ ಕೆಲಸ. ಕಲೆಯ ಪ್ರೋಟೀನ್ ಯಾವುದು, ಬಟ್ಟೆಯ ಪ್ರೋಟೀನ್ ಯಾವುದು ಅನ್ನುವ ಭೇದ ಅದಕ್ಕಿಲ್ಲ. ಕ್ಲೋರಿನ್ ಬ್ಲೀಚ್ ಅಂತೂ ರೇಷ್ಮೆಯನ್ನು ಕರಗಿಸಿಯೇ ಬಿಡುತ್ತದೆ. ಹಾಗಾಗಿ ಡಬ್ಬಿಯ ಹಿಂದೆ ಏನು ಬರೆದಿದೆ ಅಂತ ಓದಿ. ಎನ್‌ಜೈಮ್ ಅಂತ ಕಂಡರೆ ಅದು ಉಳಿದ ಬಟ್ಟೆಗಿರಲಿ.

ಇಷ್ಟು ತೆಳುವಾದ ಬಟ್ಟೆ

ಮಕ್ಕಳ ಆಟಕ್ಕೆ ಸಾಮಾನ್ಯವಾಗಿ ಬರುವುದು ಹಬೊಟಾಯ್ ಅನ್ನುವ ಸಾದಾ ನೇಯ್ಗೆಯ ರೇಷ್ಮೆ. ಉಡುವ ಭಾರಿ ರೇಷ್ಮೆಗೂ ಇದಕ್ಕೂ ಬಹಳ ಅಂತರ. ರೇಷ್ಮೆಯ ತೂಕವನ್ನು ಮೊಮ್ಮೆ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಒಂದು ಮೊಮ್ಮೆ ಅಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. ಆಟದ ಬಟ್ಟೆಗಳು ಹೆಚ್ಚಾಗಿ 5 ಅಥವಾ 8 ಮೊಮ್ಮೆಯವು. ನಮ್ಮ ನೀಲಿಯದು 90 ಸೆಂಟಿಮೀಟರ್ ಚೌಕ, 5 ಮೊಮ್ಮೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 18 ಗ್ರಾಂ ತೋರಿಸಿತು. ಅಷ್ಟು ಹಗುರ ಇರುವುದಕ್ಕೇ ಮೇಲಕ್ಕೆಸೆದರೆ ಗಾಳಿಯಲ್ಲಿ ನಿಂತು ನಿಂತು ಇಳಿಯುತ್ತದೆ. 8 ಮೊಮ್ಮೆಯದು ಅದೇ ಅಳತೆಗೆ 28 ಗ್ರಾಂ ಆಗುತ್ತದೆ. ಬೆನ್ನಿಗೆ ಕಟ್ಟಿಕೊಂಡು ಓಡುವ, ಎಳೆದು ಜಗ್ಗುವ ಆಟಗಳಿಗೆ ಅದೇ ಮೇಲು. ಹೊಸದಾಗಿ ಕೊಳ್ಳುವವರು ಕೇಳಿದರೆ ನಾನು 8 ಅನ್ನೇ ಹೇಳುತ್ತೇನೆ.

ಒಣಗಿದ್ದಾಗ ರೇಷ್ಮೆ ಗಟ್ಟಿ. ಒದ್ದೆಯಾದಾಗ ಸುಮಾರು ಐದರಲ್ಲಿ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ. ಹಿಂಡಬೇಡಿ, ಉಜ್ಜಬೇಡಿ ಅನ್ನುವುದೆಲ್ಲ ಇದಕ್ಕೇ. ಒದ್ದೆ ಬಟ್ಟೆಯನ್ನು ಬಟ್ಟೆಗೇ ತಿಕ್ಕಿದರೆ ಎಳೆಯ ಮೈಮೇಲಿನ ಸಣ್ಣ ನಾರುಗಳು ಸೀಳಿ ಎದ್ದು ನಿಲ್ಲುತ್ತವೆ. ನಮ್ಮ ಕೆಂಪಿನ ಮೇಲೆ ಬಂದ ಬೆಳ್ಳನೆಯ ಗೀರುಗಳು ಅವೇ. ಬಣ್ಣ ಹೋಗಿರಲಿಲ್ಲ, ಎಳೆ ಸೀಳಿತ್ತು. ಅದು ಯಾವ ಉಪಾಯಕ್ಕೂ ಸರಿಹೋಗಲಿಲ್ಲ.

ಒಗೆಯುವ ಮುಂಚೆ

ಮೊದಲು ಹೊರಗೆ ಹಿಡಿದು ಚೆನ್ನಾಗಿ ಕೊಡವಿ. ಮರಳು, ಮಣ್ಣಿನ ಕಣ ಉಳಿದರೆ ನೀರಿನಲ್ಲಿ ಅವೇ ಉಪ್ಪುಕಾಗದದಂತೆ ಉಜ್ಜುತ್ತವೆ. ಕೆಸರಾಗಿದ್ದರೆ ಆಗಲೇ ತೊಳೆಯುವ ಅವಸರ ಬೇಡ, ಪೂರ್ತಿ ಒಣಗಲು ಬಿಡಿ. ಒಣಗಿದ ಕೆಸರಿನಲ್ಲಿ ಮುಕ್ಕಾಲು ಪಾಲು ಕೊಡವಿದರೇ ಉದುರಿಹೋಗುತ್ತದೆ. ಗಂಟುಗಳನ್ನು ಒಣಗಿದ್ದಾಗಲೇ ಬಿಚ್ಚಿಬಿಡಿ, ನೀರು ಕುಡಿದ ರೇಷ್ಮೆ ಗಂಟು ಬಿಗಿಯಾಗಿ ಕೂತುಬಿಡುತ್ತದೆ. ಪಿನ್ನು, ಲೋಹದ ಕ್ಲಿಪ್ಪು ಇದ್ದರೆ ತೆಗೆಯಿರಿ, ತುಕ್ಕಿನ ಕಲೆ ರೇಷ್ಮೆಯಿಂದ ಹೋಗಿಸುವುದು ಕಷ್ಟ.

ಹೊಸ ಬಟ್ಟೆಯಾದರೆ ಬಣ್ಣದ ಪರೀಕ್ಷೆ ಮಾಡಲೇಬೇಕು. ಮೂಲೆಯೊಂದನ್ನು ನೆನೆಸಿ ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡು ಒಂಟಿಯಾಗಿಯೇ ಸ್ನಾನ ಮಾಡಬೇಕು. ಕಡುಗೆಂಪು, ಕಡುನೀಲಿ, ನೇರಳೆಯವು ಮೊದಲ ಮೂರು ನಾಲ್ಕು ಬಾರಿ ಸ್ವಲ್ಪ ಬಣ್ಣ ಬಿಡುವುದು ಸಾಮಾನ್ಯ. ಕೂಸುಗಳು ಬಟ್ಟೆಯನ್ನು ಬಾಯಿಗಿಡುವುದರಿಂದ, ಜಾಲಿಸಿದ ನೀರು ತಿಳಿಯಾಗುವವರೆಗೆ ತೊಳೆದ ಮೇಲೆಯೇ ಅವುಗಳ ಕೈಗೆ ಕೊಡಿ.

ಬೋಗುಣಿಯಲ್ಲಿ

ನಾನು ಬಳಸುವುದು ಅಗಲವಾದ ಪ್ಲಾಸ್ಟಿಕ್ ಬೋಗುಣಿ. ಐದು ಲೀಟರ್ ನೀರು, ಒಂದು ಸಲಕ್ಕೆ ಎರಡೇ ಬಟ್ಟೆ, ಅದೂ ಒಂದೇ ಬಣ್ಣದ ಬಳಗದವು. ನೀರು ತಣ್ಣಗಿರಬೇಕು ಅಥವಾ ಮುಂಗೈಗೆ ಬಿಟ್ಟರೆ ಬಿಸಿಯೂ ತಂಪೂ ಅನಿಸದಷ್ಟು ಉಗುರುಬೆಚ್ಚಗಿರಬೇಕು, 30 ಡಿಗ್ರಿ ದಾಟುವುದು ಬೇಡ. ಅರ್ಧ ಟೀ ಚಮಚ ಬೇಬಿ ಶಾಂಪೂವನ್ನು ಮೊದಲು ನೀರಿಗೆ ಹಾಕಿ ಕೈಯಿಂದ ಕಲಕಿ, ಆಮೇಲೆ ಬಟ್ಟೆ ಇಳಿಸಿ. ಬಟ್ಟೆಯ ಮೇಲೆ ನೇರವಾಗಿ ಶಾಂಪೂ ಸುರಿದರೆ ಬಿದ್ದಲ್ಲಿ ದಟ್ಟವಾಗಿ ಕೂತು ಜಾಲಿಸುವುದು ಕಷ್ಟವಾಗುತ್ತದೆ. ಕಂಡೀಷನರ್ ಬೆರೆತ ಶಾಂಪೂ ಬೇಡ. ಅದು ಎಳೆಯ ಮೇಲೆ ಪದರವಾಗಿ ಉಳಿದು, ಗಾಳಿಯಲ್ಲಿ ತೇಲುವ ಬಟ್ಟೆಯನ್ನು ಜೋಲು ಮಾಡುತ್ತದೆ. ಉಣ್ಣೆ ಮತ್ತು ರೇಷ್ಮೆಗೆಂದೇ ಮಾಡಿದ ದ್ರವ ಸೋಪು ಇದ್ದರೆ ಅದೂ ಒಳ್ಳೆಯದೇ. ಅಂಟುವಾಳದ ನೀರೂ ಆಗುತ್ತದೆ, ಆದರೆ ಚೆನ್ನಾಗಿ ಸೋಸಿರಬೇಕು. ಅದರ ಕಂದು ಬಣ್ಣ ಬಿಳಿ ಮತ್ತು ತಿಳಿಗುಲಾಬಿಗೆ ಹತ್ತುವುದರಿಂದ ನಾನು ಕಡುಬಣ್ಣದವಕ್ಕೆ ಮಾತ್ರ ಬಳಸುತ್ತೇನೆ.

ಬಟ್ಟೆ ನೀರಿಗಿಳಿದ ಮೇಲೆ ಕೈಯ ಕೆಲಸ ಬಹಳ ಕಡಿಮೆ. ಬೆರಳು ಅಗಲಿಸಿ ಬಟ್ಟೆಯ ಕೆಳಗೆ ಕೈ ಹಾಕಿ ಎತ್ತಿ, ಬಿಡಿ. ಮತ್ತೆ ಎತ್ತಿ, ಬಿಡಿ. ನೀರೇ ಎಳೆಗಳ ನಡುವೆ ಹೋಗಿ ಬಂದು ಕೊಳೆ ತೆಗೆಯುತ್ತದೆ. ಎರಡರಿಂದ ಮೂರು ನಿಮಿಷ ಸಾಕು. ನೆನೆಹಾಕಿ ಬೇರೆ ಕೆಲಸಕ್ಕೆ ಹೋಗಿಬಿಡಬೇಡಿ, ಹೆಚ್ಚು ಹೊತ್ತು ನೆಂದರೆ ಬಣ್ಣ ಸಡಿಲವಾಗುತ್ತದೆ. ಈ ಎತ್ತಿ ಬಿಡುವ ಕೆಲಸವನ್ನು ನಮ್ಮ ಮನೆಯಲ್ಲಿ ಸಣ್ಣವನೇ ಮಾಡುತ್ತಾನೆ. ಒದ್ದೆ ರೇಷ್ಮೆ ಅಂಗೈಗೆ ಚರ್ಮದಂತೆ ಅಂಟಿಕೊಳ್ಳುತ್ತದೆ, ನೀರೊಳಗೆ ಬಿಟ್ಟರೆ ಮೀನಿನ ರೆಕ್ಕೆಯಂತೆ ಅರಳುತ್ತದೆ. ಅದನ್ನು ನೋಡುತ್ತಾ ಅವನಿಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. "ಹಿಂಡಬೇಡ ಕಂದಾ, ತಲೆ ತೊಳೆದ ಹಾಗೆ" ಅಂತ ಒಮ್ಮೆ ಹೇಳಿದ್ದೆ, ಈಗ ಅವನು ಅಕ್ಕನಿಗೆ ಹೇಳಿಕೊಡುತ್ತಾನೆ. ಮಕ್ಕಳು ಬೋಗುಣಿಯ ಮುಂದೆ ಇರುವಷ್ಟು ಹೊತ್ತೂ ದೊಡ್ಡವರು ಪಕ್ಕದಲ್ಲೇ ಇರಬೇಕು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒದ್ದೆಯಾದ ಹೊಸ ರೇಷ್ಮೆಗೆ ಒಂದು ಥರದ ವಾಸನೆ ಇರುವುದುಂಟು. ಗೂಡಿನ ಎಳೆಗಳನ್ನು ಅಂಟಿಸಿಕೊಂಡಿರುವ ಸೆರಿಸಿನ್ ಅನ್ನುವ ಗೋಂದು ಪೂರ್ತಿ ಹೋಗದೆ ಸ್ವಲ್ಪ ಉಳಿದಿರುತ್ತದೆ. ಒಣಗಿದರೆ ವಾಸನೆ ಹೋಗುತ್ತದೆ. ಅದಕ್ಕಾಗಿ ಸುಗಂಧದ ಸಾಫ್ಟನರ್ ಹಾಕಬೇಡಿ.

ಜಾಲಿಸಲು ಮೊದಲಿನಷ್ಟೇ ಬೆಚ್ಚಗಿನ ನೀರು ತೆಗೆದುಕೊಳ್ಳಿ. ಎರಡು ನೀರು ಆದ ಮೇಲೆ ಮೂರನೆಯ ಐದು ಲೀಟರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಒಂದು ನಿಮಿಷ ಆಡಿಸಿ, ಕೊನೆಗೆ ಬರಿ ನೀರಿನಲ್ಲಿ ಒಮ್ಮೆ ಎತ್ತಿ ತೆಗೆಯಿರಿ. ಉಳಿದ ಸೋಪಿನ ಕ್ಷಾರವನ್ನು ವಿನೆಗರ್ ತೆಗೆಯುತ್ತದೆ, ಮಂಕಾದ ಹೊಳಪು ಮರಳುತ್ತದೆ. ರೇಷ್ಮೆಗೆ ಹಾಕುವ ಆಮ್ಲ ಬಣ್ಣಗಳು ಹುಳಿಯಲ್ಲೇ ಕಚ್ಚಿಕೊಳ್ಳುವಂಥವು, ಹಾಗಾಗಿ ಬಣ್ಣಕ್ಕೂ ಒಳ್ಳೆಯದು. ಈ ಹುಳಿನೀರಿನಲ್ಲಿ ಅದ್ದಿದ ಬಟ್ಟೆ ಒಣಗಿದ ಮೇಲೆ ಎರಡು ಪದರ ಸೇರಿಸಿ ಕಿವಿಯ ಹತ್ತಿರ ಮೆಲ್ಲಗೆ ಉಜ್ಜಿ ನೋಡಿ, ಸಣ್ಣಗೆ ಸರಸರ ಅನ್ನುತ್ತದೆ. ಆ ಸದ್ದಿಗಾಗಿಯೇ ನಮ್ಮ ಮಗಳು ಬಟ್ಟೆ ಒಣಗುವುದನ್ನು ಕಾಯುತ್ತಾಳೆ.

ಒಂದು ಎಚ್ಚರಿಕೆ ಮಾತ್ರ. ಗಿಡ, ಬೇರು, ಹೂವಿನಿಂದ ತೆಗೆದ ಬಣ್ಣದ ಬಟ್ಟೆಯಾದರೆ ವಿನೆಗರ್ ಬೇಡ. ಅಂಥ ಎಷ್ಟೋ ಬಣ್ಣಗಳು ಹುಳಿ ತಾಗಿದರೆ ಒಂದು ಕಡೆಗೆ, ಕ್ಷಾರ ತಾಗಿದರೆ ಇನ್ನೊಂದು ಕಡೆಗೆ ತಿರುಗುತ್ತವೆ. ನೇರಳೆ ಕೆಂಪಾಗಬಹುದು. ಅವಕ್ಕೆ ಬರಿ ನೀರು, ಚೂರು ಶಾಂಪೂ, ಅಷ್ಟೇ.

ಮೆಷಿನ್ನೇ ಬೇಕೆಂದರೆ ಬಲೆಯ ಚೀಲದಲ್ಲಿ ಹಾಕಿ, ತಣ್ಣೀರು, ಅತಿ ಮೃದು ಸುತ್ತು, ಅತಿ ಕಡಿಮೆ ಸ್ಪಿನ್. ಜಿಪ್ಪು, ವೆಲ್ಕ್ರೋ ಇರುವ ಬಟ್ಟೆ ಜೊತೆಗಿರಬಾರದು. ನಾನು ಈಗ ಹಾಕುವುದಿಲ್ಲ. ಕೈಯಲ್ಲಿ ತೊಳೆಯುವುದಕ್ಕೆ ಬೇಕಾದಷ್ಟು ಹೊತ್ತಿನಲ್ಲಿ ಮೆಷಿನ್ನಿಗೆ ನೀರು ತುಂಬುವುದೂ ಮುಗಿದಿರುವುದಿಲ್ಲ.

ಕಲೆಗಳು

ಎಲ್ಲ ಕಲೆಗೂ ಅನ್ವಯಿಸುವ ಮಾತೊಂದಿದೆ: ಕಲೆಯಾದ ಜಾಗವನ್ನಷ್ಟೇ ಒದ್ದೆ ಮಾಡಿ ಬಿಡಬೇಡಿ. ರೇಷ್ಮೆಯ ಮೇಲೆ ಬರಿ ನೀರಿನ ಹನಿ ಬಿದ್ದು ಒಣಗಿದರೂ ಸುತ್ತ ಗೆರೆ ಮೂಡುತ್ತದೆ. ಕಲೆ ತೆಗೆದ ಮೇಲೆ ಬಟ್ಟೆಯನ್ನು ಪೂರ್ತಿ ಅದ್ದಿ ತೆಗೆಯಿರಿ. ನೀರಿನ ಗೆರೆ ಮೂಡಿದ್ದರೂ ಅದೇ ಮದ್ದು.

ಹಾಲು, ರಕ್ತ, ಮೊಟ್ಟೆಗೆ ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ಪ್ರೋಟೀನ್ ಬೆಂದು ಎಳೆಗೆ ಕಚ್ಚಿಕೊಳ್ಳುತ್ತದೆ. ಮಂಡಿ ತರಚಿಕೊಂಡ ದಿನ ಹಸಿರು ಬಟ್ಟೆಯನ್ನೇ ಪಟ್ಟಿಯಂತೆ ಸುತ್ತಿಕೊಂಡಿದ್ದಳು ಮಗಳು. ನಲ್ಲಿಯ ತಣ್ಣೀರನ್ನು ಕಲೆಯ ಹಿಂಬದಿಯಿಂದ ಸಣ್ಣಗೆ ಹರಿಯಬಿಟ್ಟೆ. ಹಿಂದಿನಿಂದ ಬಿಟ್ಟರೆ ನೀರು ಕಲೆಯನ್ನು ಬಂದ ದಾರಿಯಲ್ಲೇ ಹೊರಗೆ ತಳ್ಳುತ್ತದೆ. ಅರ್ಧ ನಿಮಿಷದಲ್ಲಿ ಮುಕ್ಕಾಲು ಭಾಗ ಹೋಯಿತು, ಉಳಿದದ್ದು ಶಾಂಪೂ ನೀರಿಗೆ ಹೋಯಿತು. ಬಿಳಿ ರೇಷ್ಮೆಯ ಮೇಲೆ ರಕ್ತದ ನೆರಳು ಉಳಿದರೆ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಯಲ್ಲಿ ಅದ್ದಿ ಒತ್ತಿ, ಕೂಡಲೇ ಜಾಲಿಸಿ. ಬಣ್ಣದ ಬಟ್ಟೆಗೆ ಅದು ಬೇಡ.

ಹಣ್ಣಿನ ರಸ ಮತ್ತು ಬಾಳೆಹಣ್ಣು ಬಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಕಂದಾಗುತ್ತವೆ. ಹಾಗಾಗಿ ಕಲೆ ಇದೆಯೋ ಇಲ್ಲವೋ ಅನ್ನುವ ಅನುಮಾನವಿದ್ದಾಗಲೂ ಆಗಲೇ ಜಾಲಿಸಿ. ಅವುಗಳ ಮೇಲೆ ಬಾರ್ ಸೋಪು ತಿಕ್ಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ.

ಮೂತ್ರ ಬಿದ್ದರೆ ಒಂದು ಗಂಟೆಯೂ ಇಡಬೇಡಿ. ಹೊತ್ತು ಕಳೆದಂತೆ ಅದು ಕ್ಷಾರವಾಗುತ್ತದೆ, ಬಣ್ಣವೂ ತಿರುಗುತ್ತದೆ, ಎಳೆಯೂ ಸೊರಗುತ್ತದೆ. ಮೊದಲು ಬರಿ ನೀರು, ಆಮೇಲೆ ವಿನೆಗರ್ ನೀರು, ಆಮೇಲೆ ಎಂದಿನಂತೆ ಶಾಂಪೂ. ಬೆವರೂ ಇದೇ ಜಾತಿ. ಸೆಕೆಯಲ್ಲಿ ಬೆನ್ನಿಗೆ, ತಲೆಗೆ ಸುತ್ತಿಕೊಂಡು ಆಡಿದ ಬಟ್ಟೆ ನೋಡಲು ಶುಭ್ರವಾಗಿದ್ದರೂ ವಾರಕ್ಕೊಮ್ಮೆ ಜಾಲಿಸಬೇಕು. ಉಳಿದಂತೆ ನಾನು ಕೊಳೆಯಾದಾಗ ಮಾತ್ರ ಒಗೆಯುವುದು.

ಕ್ರೇಯಾನಿನ ಮೇಣಕ್ಕೆ ನೀರು ಮುಟ್ಟಿಸಬೇಡಿ. ಬಟ್ಟೆಯನ್ನು ಫ್ರೀಜರಿನಲ್ಲಿ ಹದಿನೈದು ನಿಮಿಷ ಇಟ್ಟು, ಗಟ್ಟಿಯಾದ ಮೇಣವನ್ನು ಚಮಚದ ಅಂಚಿನಿಂದ ಹಗುರವಾಗಿ ಕೆರೆಯಿರಿ. ಮೇಲೊಂದು ಕೆಳಗೊಂದು ಟಿಶ್ಯೂ ಇಟ್ಟು ಅತಿ ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಿ. ಟಿಶ್ಯೂ ಮೇಣ ಕುಡಿಯುತ್ತದೆ. ಹೊಸ ಟಿಶ್ಯೂ ಬದಲಿಸುತ್ತಾ ಹೋಗಿ, ಏನೂ ಹತ್ತದಿರುವವರೆಗೆ. ಬಿಳಿ ಅಂಟು ಬಿದ್ದರೆ ತಣ್ಣೀರಿನಲ್ಲಿ ಮೆತ್ತಗಾಗಲು ಬಿಟ್ಟು ಬೆರಳಿನಿಂದ ಸುಲಿಯಿರಿ. ನೀರಿನಲ್ಲಿ ಕರಗುವ ಸ್ಕೆಚ್ ಪೆನ್ ಹೋಗುತ್ತದೆ, ಮಾಸದ ಮಾರ್ಕರ್ ಹೋಗುವುದಿಲ್ಲ. ಆ ಗುರುತಿನೊಂದಿಗೇ ಬಟ್ಟೆ ಬಾಳಲಿ, ಹೋಗಿಸಲು ಹೋಗಿ ತೂತು ಮಾಡುವುದಕ್ಕಿಂತ ಅದು ಲೇಸು.

ಒಣಗಿಸುವುದು, ಇಸ್ತ್ರಿ, ಎತ್ತಿಡುವುದು

ನೀರಿನಿಂದ ಎತ್ತುವಾಗ ಒಂದು ಮೂಲೆ ಹಿಡಿದು ಜಗ್ಗದೆ, ಎರಡೂ ಅಂಗೈಯಲ್ಲಿ ಮುದ್ದೆಯಾಗಿ ಎತ್ತಿ. ದಪ್ಪ ಟವೆಲಿನ ಮೇಲೆ ಹರವಿ ಚಾಪೆಯಂತೆ ಸುರುಳಿ ಸುತ್ತಿ ಮೇಲಿನಿಂದ ಒತ್ತಿ. ನಮ್ಮಲ್ಲಿ ಈ ಸುರುಳಿಯ ಮೇಲೆ ಮಂಡಿಯೂರಿ ನಡೆಯುವುದು ಮಕ್ಕಳ ಹಕ್ಕು. ಬಿಚ್ಚಿದಾಗ ಬಟ್ಟೆ ತೊಟ್ಟಿಕ್ಕದಷ್ಟು ಒಣಗಿರುತ್ತದೆ. ಆಮೇಲೆ ನೆರಳಿನಲ್ಲಿ, ದಪ್ಪ ಕೋಲಿನ ಮೇಲೆ ಹಾಕಿ. ಬಿಸಿಲಿನ ಅತಿನೇರಳೆ ಕಿರಣ ಬಿಳಿ ರೇಷ್ಮೆಯನ್ನು ಹಳದಿಗಟ್ಟಿಸುತ್ತದೆ, ಬಣ್ಣವನ್ನು ಮಾಸಿಸುತ್ತದೆ, ಎಳೆಯನ್ನು ಸೆಡೆಸುತ್ತದೆ. ಕಿಟಕಿಗೆ ಪರದೆಯಂತೆ ಕಟ್ಟಿದ ಬಟ್ಟೆಗೂ ಇದೇ ಗತಿ. ಮಕ್ಕಳು ಕಿಟಕಿಯ ಪಕ್ಕ ಮನೆ ಕಟ್ಟಿಕೊಂಡಿದ್ದರೆ ರಾತ್ರಿ ಮಲಗಿದ ಮೇಲೆ ಮೆಲ್ಲಗೆ ಬಿಚ್ಚಿಡುತ್ತೇನೆ. ಡ್ರೈಯರ್ ಬೇಡವೇ ಬೇಡ.

ಇಸ್ತ್ರಿ ಆಟಕ್ಕೆ ಅಗತ್ಯವೇನಲ್ಲ. ಆದರೆ ಹೊಳಪು ಪೂರ್ತಿ ಮರಳುವುದು ಇಸ್ತ್ರಿಯಿಂದಲೇ. ಬಟ್ಟೆ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ ಮಾಡಿ. ಪೆಟ್ಟಿಗೆಯ ಮೇಲೆ ಒಂದು ಚುಕ್ಕೆಯ ಗುರುತೆಂದರೆ ಅತಿ ಕಡಿಮೆ ಬಿಸಿ, ಅಲ್ಲಿಂದ ಶುರು ಮಾಡಿ, ಮೇಲೊಂದು ತೆಳು ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಪೂರ್ತಿ ಒಣಗಿಹೋಗಿದ್ದರೆ ನೀರು ಚಿಮುಕಿಸಬೇಡಿ, ಹನಿಯ ಗೆರೆ ಮೂಡುತ್ತದೆ. ಇಡೀ ಬಟ್ಟೆ ಮತ್ತೆ ಅದ್ದಿ ಟವೆಲಿನಲ್ಲಿ ಸುತ್ತಿ ತೆಗೆಯಿರಿ.

ಇಸ್ತ್ರಿ ಮಾಡುವಾಗ ನಾನು ನಾಲ್ಕೂ ಅಂಚನ್ನು ಬೆರಳಿನಲ್ಲಿ ಸವರಿ ನೋಡುತ್ತೇನೆ. ಬಿಚ್ಚಿದ ಹೊಲಿಗೆಯ ನೂಲು ಕುಣಿಕೆಯಾಗಿ ಜೋತಿದ್ದರೆ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಬಹುದು. ಕಂಡ ಕೂಡಲೇ ಕತ್ತರಿಸಿ ಹೊಲಿಯಿರಿ. ಇಲ್ಲಿಯೇ ಇನ್ನೊಂದು ಮಾತು: ಚಿಕ್ಕ ಮಕ್ಕಳ ಕುತ್ತಿಗೆಗೆ ಈ ಬಟ್ಟೆಯನ್ನು ಗಂಟು ಹಾಕಬೇಡಿ, ಕೂಸು ಮಲಗುವ ತೊಟ್ಟಿಲಿನಲ್ಲಿ ಬಿಡಬೇಡಿ. ರಾಜನ ಹೊದಿಕೆಯನ್ನು ನಾವು ಅಂಗಿಯ ಹೆಗಲಿಗೆ ಎರಡು ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಸಿಕ್ಕಿಸುತ್ತೇವೆ, ಎಳೆದರೆ ತಾನೇ ಕಳಚಿಕೊಳ್ಳುತ್ತದೆ.

ದಿನದ ಬಳಕೆಗೆ ಬುಟ್ಟಿಯಲ್ಲಿ ಮುದ್ದೆಯಾಗಿ ಬಿದ್ದಿದ್ದರೂ ರೇಷ್ಮೆಗೆ ನೋವಿಲ್ಲ. ಬೆತ್ತದ ಬುಟ್ಟಿಯಾದರೆ ಸಿಬಿರು ಎಳೆಗೆ ಸಿಕ್ಕದಂತೆ ಒಳಗೆ ಹತ್ತಿ ಬಟ್ಟೆ ಹಾಸಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಒಗೆದು, ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕೊಳೆ, ಬೆವರು, ತಿಂಡಿಯ ಕಣ ಇರುವ ರೇಷ್ಮೆಯನ್ನೇ ಹುಳು ಮೊದಲು ಹುಡುಕಿಕೊಂಡು ಬರುವುದು. ಪ್ಲಾಸ್ಟಿಕ್ ಚೀಲದಲ್ಲಿ ತೇವ ಸಿಕ್ಕಿಬಿದ್ದು ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಾಫ್ತಲೀನ್ ಮಕ್ಕಳಿಗೆ ವಿಷ. ಜಿ6ಪಿಡಿ ಅನ್ನುವ ಎನ್‌ಜೈಮಿನ ಕೊರತೆ ಇರುವ ಮಕ್ಕಳಲ್ಲಂತೂ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಬಾಯಿಗೆ, ಮುಖಕ್ಕೆ ಹೋಗುವ ಬಟ್ಟೆಯ ಹತ್ತಿರ ಅದು ಸುಳಿಯಲೂಬಾರದು.

ತಲೆಗೆ ಸುತ್ತಿಕೊಳ್ಳುವ ಬಟ್ಟೆಯಾದ್ದರಿಂದ ಹೇನಿನ ಮಾತೂ ಬರುತ್ತದೆ. ಹೇನು ಕೊಲ್ಲುವಷ್ಟು ಬಿಸಿನೀರು ರೇಷ್ಮೆಗೆ ಆಗದು. ಅಂಥ ಸಮಯದಲ್ಲಿ ಮಾತ್ರ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮಕ್ಕಳ ಕೈಗೆಟುಕದಲ್ಲಿ ಎರಡು ವಾರ ಎತ್ತಿಡಿ. ತಲೆ ಸಿಗದೆ ಹೇನು ಬದುಕುವುದಿಲ್ಲ.

ಎಳೆ ಎದ್ದರೆ, ಹರಿದರೆ, ಬಣ್ಣ ಹೋದರೆ

ಎಳೆಯೊಂದು ಸಿಕ್ಕಿ ಎದ್ದರೆ ಕತ್ತರಿಸಬೇಡಿ. ಎದ್ದ ಜಾಗದ ಎರಡೂ ಪಕ್ಕ ಹಿಡಿದು ಓರೆಯಾಗಿ ಮೆಲ್ಲಗೆ ಎಳೆದರೆ ಎಳೆ ಒಳಗೆ ಸರಿಯುತ್ತದೆ. ಉಳಿದ ಸುಕ್ಕನ್ನು ಸೂಜಿಯ ಮೊನೆಯಿಂದ ಒಂದೊಂದು ನೇಯ್ಗೆ ದಾಟಿಸುತ್ತಾ ಹರಡಿ. ಅಂಚಿನ ಹೊಲಿಗೆ ಬಿಟ್ಟರೆ ಅಂಚನ್ನು ಒದ್ದೆ ಬೆರಳಿನಿಂದ ಸುರುಳಿ ಮಾಡಿಕೊಂಡು, ಇರುವುದರಲ್ಲೇ ಅತಿ ಸಣ್ಣ ಸೂಜಿಯಿಂದ ಹೊಲಿಯಿರಿ. ದಪ್ಪ ಸೂಜಿ ಬಿಟ್ಟ ತೂತು ರೇಷ್ಮೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ. ನಡುವೆ ಹರಿದರೆ ತೇಪೆ ನಿಲ್ಲುವುದಿಲ್ಲ, ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ಗೀರು ಬಿದ್ದ ನಮ್ಮ ಮೊದಲ ಕೆಂಪು ಕೊನೆಗೆ ಹರಿದಾಗ ಅದನ್ನು ನಾಲ್ಕು ಮಾಡಿ ಅಂಚು ಹೊಲಿದೆ. ಎರಡು ಗೊಂಬೆಗಳ ಹೊದಿಕೆಯಾದವು, ಒಂದು ಗೋಲಿಗಳ ಚೀಲವಾಯಿತು, ಇನ್ನೊಂದನ್ನು ಸಣ್ಣವನು ದೋಣಿಗೆ ಪಟ ಕಟ್ಟಿಕೊಂಡ.

ಕಲೆಯಾದ ಬಿಳಿ ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕಿದೆ. ತಿಂಡಿಗೆ ಹಾಕುವ, ನೀರಿನಲ್ಲಿ ಕರಗುವ ಕೃತಕ ಬಣ್ಣಗಳಲ್ಲಿ ಹೆಚ್ಚಿನವು ಆಮ್ಲ ಬಣ್ಣದ ಜಾತಿಯವೇ. ಹುಳಿ ಮತ್ತು ಬಿಸಿ ಸಿಕ್ಕರೆ ರೇಷ್ಮೆಗೆ ಹತ್ತುತ್ತವೆ. ಬಟ್ಟೆಯನ್ನು ಮೊದಲು ಬರಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ, ಒಣ ಬಟ್ಟೆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಮೂರು ಲೀಟರ್ ನೀರು, ಕಾಲು ಲೋಟ ವಿನೆಗರ್, ನೀಲಿಯ ಜೊತೆ ಕೆಂಪು ಬಣ್ಣ ಬೆರೆಸಿ, ಬಟ್ಟೆ ಇಳಿಸಿ, ಸಣ್ಣ ಉರಿಯಲ್ಲಿ ಹಬೆಯಾಡುವವರೆಗೆ ಕಾಯಿಸಿದೆ. ಕುದಿಯಲು ಬಿಡಲಿಲ್ಲ. ಮರದ ಸೌಟಿನಿಂದ ಆಗಾಗ ಎತ್ತಿ ಬಿಡುತ್ತಾ ಅರ್ಧ ಗಂಟೆ. ನೋಡುತ್ತಿದ್ದಂತೆ ನೀರಿನ ಬಣ್ಣವೆಲ್ಲ ಬಟ್ಟೆಗೆ ಹೋಗಿ ನೀರು ತಿಳಿಯಾಗುತ್ತಾ ಬಂತು. ಉರಿ ಆರಿಸಿ ಪಾತ್ರೆಯಲ್ಲೇ ತಣ್ಣಗಾಗಲು ಬಿಟ್ಟು, ಆಮೇಲೆ ಜಾಲಿಸಿದೆ. ಬಿಸಿಯಿಂದ ತೆಗೆದು ನೇರ ತಣ್ಣೀರಿಗೆ ಹಾಕಬಾರದು.

ಹಳೆಯ ನೀಲಿ ಕಲೆ ಅಳಿಸಿಹೋಗಲಿಲ್ಲ. ಹೊಸ ನೇರಳೆಯ ಒಳಗಿಂದ ಆ ಮೂಲೆಯಲ್ಲಿ ಇನ್ನೂ ಗಾಢವಾಗಿ ಮೋಡದಂತೆ ಕಂಡಿತು. ಒಣಗಿದ ಮೇಲೆ ಮಗಳ ಕೈಗಿಟ್ಟೆ. ಕೆನ್ನೆಗೆ ಒತ್ತಿಕೊಂಡಳು, ಬೆಳಕಿಗೆ ಹಿಡಿದಳು, ಮತ್ತೆ ಒತ್ತಿಕೊಂಡಳು. ಅದಕ್ಕೆ "ಸಂಜೆ" ಅಂತ ಹೆಸರಿಟ್ಟಳು. ಗೊಂಬೆಗಳಿಗೆ ರಾತ್ರಿಯಾಗಬೇಕಾದಾಗ ಈಗಲೂ ಅದನ್ನೇ ಹರವುತ್ತಾಳೆ.